ಕೂಲ್‌ಡ್ರಿಂಕ್ ಫ್ರಿಜ್ಜಿನಲ್ಲಿ ಅತ್ತೆಯ ಫ್ಯೂಶಿಯಾ

ಚೆನ್ನೈನಲ್ಲಿ ಫ್ಯೂಶಿಯಾ ಗಿಡ ಬೆಳೆಸಬೇಕೆಂಬ ಆಸೆ ನಿಮಗಿದ್ದರೆ ನನ್ನ ಮೊದಲ ಸಲಹೆ, ಬೇಡ. ಬಿಡಲಾಗದ ಆಸೆಯಾದರೆ ಎರಡನೆಯ ಸಲಹೆ, ಗಾಜಿನ ಬಾಗಿಲಿನ ಹಳೇ ಕೂಲ್‌ಡ್ರಿಂಕ್ ಫ್ರಿಜ್ ಒಂದನ್ನು ಹುಡುಕಿ. ಕೊಳ್ಳುವ ಮುಂಚೆ ಅದನ್ನು ಒಂದು ಗಂಟೆ ಓಡಿಸಲು ಹೇಳಿ, ಹಿಂದಿನ ಕಂಪ್ರೆಸರ್ ಮೇಲೆ ಅಂಗೈ ಇಡಿ. ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟಿದರೆ ಸರಿ. ಆಟೋ ಎಂಜಿನ್ನಿನ ಹಾಗೆ ಒದರಿದರೆ, ಮಾರುವವನು ಕಾಫಿ ತರಿಸುವ ಮುಂಚೆ ಎದ್ದು ಬನ್ನಿ. ಅವನ ಕಾಫಿ ಕುಡಿದ ಮೇಲೆ ಚೌಕಾಸಿ ಮಾಡುವ ಬಾಯಿ ಮೆತ್ತಗಾಗುತ್ತದೆ.

ಇದನ್ನೆಲ್ಲ ಹೇಳುವ ಅಧಿಕಾರ ನನಗಿದೆ. ಪೆರುಂಗುಡಿ ಕಡೆ ಯಾವುದಾದರೂ ಆಫೀಸು ಖಾಲಿಯಾದರೆ ಅಲ್ಲಿನ ಏಸಿ, ಫ್ರಿಜ್ಜುಗಳನ್ನು ಒಟ್ಟಿಗೆ ಕೊಂಡು, ರಾಯಪುರಂನ ನನ್ನ ಗೋಡೌನಿಗೆ ತಂದು, ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ಚಿಕ್ಕಬಳ್ಳಾಪುರದಿಂದ ಈ ಊರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಸ್ಕ್ರೂಡ್ರೈವರ್, ಅದೂ ಅಣ್ಣನದು. ಈಗ ತಿರುವೊಟ್ಟಿಯೂರಿನಲ್ಲಿ ಸಮುದ್ರದ ಉಪ್ಪುಗಾಳಿ ಬಡಿಯುವ ಕಡೆ, ಒಂದು ಹಳೇ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಸ್ವಂತ ಮನೆಯಿದೆ. ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ, ಕೇಳಿದ ಬೆಲೆಗೆ ಕೊಟ್ಟವನಲ್ಲ. ಅಂಥ ನನಗೆ ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ಗಿಡ ಬಿಟ್ಟಿಯಾಗಿ ಬಂತು. ಬಿಟ್ಟಿ ಬಂದದ್ದನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಗಿಡ ನನ್ನ ಅತ್ತೆಯದು, ಎಂದರೆ ಹೆಂಡತಿಯ ತಾಯಿಯದು. ಮಾವ ಬೆಟ್ಟದ ಮೇಲಿನ ತಂಪು ಊರಾದ ಕುನ್ನೂರಿನಲ್ಲಿ ರೈಲ್ವೆ ನೌಕರಿಯಲ್ಲಿದ್ದವರು. ಅಲ್ಲಿನ ಬಾಡಿಗೆ ಮನೆಯ ಹಿತ್ತಿಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಜಾಗದಲ್ಲಿ ಅತ್ತೆ ಒಂದು ಫ್ಯೂಶಿಯಾ ನೆಟ್ಟಿದ್ದರು. ನೋಡದವರಿಗೆ ಹೇಳುವುದಾದರೆ, ಆ ಹೂ ತಲೆಕೆಳಗಾಗಿ ತೂಗುತ್ತದೆ. ಮೇಲೆ ನಾಲ್ಕು ಕೆಂಪು ದಳ ರೆಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತವೆ, ಕೆಳಗೆ ನೇರಳೆ ಲಂಗ, ಲಂಗದೊಳಗಿಂದ ಉದ್ದನೆಯ ಎಳೆಗಳು ಜೋಲುತ್ತವೆ. ಅವರ ಮನೆಯಲ್ಲಿ ಅದಕ್ಕೆ ಜುಮಕಿ ಹೂ ಅಂತಲೇ ಹೆಸರು. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನನ್ನ ಹೆಂಡತಿಯ ಅಕ್ಕ, ನಾನು ಅತ್ತಿಗೆ ಎನ್ನುವವರು. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಇಂದಿಗೂ ಎದುರಿಗಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಹಾಗೆಯೇ ನೋಡುತ್ತಾರೆ.

ಆ ವರ್ಷ ಫೆಬ್ರವರಿಯಲ್ಲಿ ಮನೆಯ ಮಾಲೀಕ ಅದನ್ನು ಕೆಡವಿ ಲಾಡ್ಜ್ ಕಟ್ಟುವುದಾಗಿ ಹೇಳಿದ. ಅತ್ತಿಗೆ ಸ್ವಲ್ಪ ಕೆಳಗೆ ಒಂದು ಪುಟ್ಟ ಸ್ವಂತ ಮನೆ ಕಟ್ಟಿಸುತ್ತಿದ್ದರು, ಅದು ಮುಗಿಯುವುದು ಮೇ ಕೊನೆಗೆ. ಅಲ್ಲಿಯವರೆಗೆ ಪೇಟೆಯಲ್ಲಿ ಒಂದು ಕೋಣೆ. ಗಿಡದ ಬುಡದಿಂದ ಬೇರು ಸಮೇತ ಎರಡು ತುಂಡು ತೆಗೆದು ಎರಡು ಕುಂಡಕ್ಕೆ ಹಾಕಿದರು. ಒಂದನ್ನು ಪಕ್ಕದ ಮನೆಗೆ ಕೊಟ್ಟರು. ಇನ್ನೊಂದನ್ನು ಹಿಡಿದುಕೊಂಡು ಯಾರಿಗೆ ಕೊಡುವುದೆಂದು ಯೋಚಿಸುತ್ತಿದ್ದಾಗ, ಸಾಮಾನು ಸಾಗಿಸಲು ಹೋಗಿದ್ದ ನಾನು ಬಾಯಿ ಬಿಟ್ಟೆ.

"ನನಗೆ ಕೊಡಿ ಅತ್ತಿಗೆ. ತಂಪು ಮಾಡೋದೇ ನನ್ನ ವ್ಯಾಪಾರ."

"ಇದೇನು ಐಸ್‌ಕ್ರೀಮಲ್ಲ" ಅಂದರು ಅತ್ತಿಗೆ.

"ಐಸ್‌ಕ್ರೀಮಿಗಿಂತ ಸುಲಭ. ಇದು ಕರಗಲ್ಲವಲ್ಲ."

ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವ ಹಾಗೆ ನೋಡಿದರು. ಆಮೇಲೆ ಕುಂಡ ಕೊಟ್ಟು ಒಂದು ಮಾತು ಹೇಳಿದರು: "ಅಮ್ಮನ ಗಿಡ ಹೊಸ ಮನೆ ಅಂಗಳದಲ್ಲಿ ಊರಿದ ಮೇಲೇ ನಾನು ಹಾಲು ಉಕ್ಕಿಸೋದು. ಅಲ್ಲೀವರೆಗೆ ಗೃಹಪ್ರವೇಶ ಇಲ್ಲ. ನೆನಪಿರಲಿ."

ಹತ್ತು ದಿನ ಕಳೆಯುವುದರಲ್ಲಿ ಪಕ್ಕದ ಮನೆಯ ಕುಂಡವನ್ನು ಕಾಡೆಮ್ಮೆ ತಿಂದುಹಾಕಿತು. ಕುನ್ನೂರಿನಲ್ಲಿ ಕಾಡೆಮ್ಮೆ ನಮ್ಮ ಬೀದಿ ದನದ ಹಾಗೆ ಓಡಾಡುತ್ತದೆ. ಹಳೇ ಹಿತ್ತಿಲಿನ ಮೂಲ ಗಿಡದ ಮೇಲೆ ಜೆಸಿಬಿ ಹರಿಯಿತು. ಅತ್ತೆಯ ಗಿಡವೆಂದು ಈ ಲೋಕದಲ್ಲಿ ಉಳಿದದ್ದು ನಮ್ಮ ಮನೆಯ ವರಾಂಡದಲ್ಲಿ, ಕೂಲ್‌ಡ್ರಿಂಕ್ ಫ್ರಿಜ್ಜಿನಲ್ಲಿ ಇದ್ದದ್ದೊಂದೇ. ಅತ್ತಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಕುರ್ಚಿಯಿಂದ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದಳು.

ಫ್ರಿಜ್ಜಿನ ಏರ್ಪಾಡು ನಾನೇ ಮಾಡಿದ್ದು. ಅದರ ಥರ್ಮೋಸ್ಟಾಟ್ ಕಿತ್ತು, ಏಸಿಯದು ಜೋಡಿಸಿ, ಹದಿನೆಂಟು ಡಿಗ್ರಿಗೆ ನಿಲ್ಲಿಸಿದೆ. ಒಳಗೆ ಎರಡು ಬಿಳಿ ಎಲ್‌ಇಡಿ ಪಟ್ಟಿ. ಬೆಳಿಗ್ಗೆ ಅರ್ಧ ಗಂಟೆ ಬಾಗಿಲು ತೆರೆದು ಗಾಳಿ. ಗಿಡ ಚೆನ್ನಾಗಿಯೇ ಇತ್ತು, ಮೊಗ್ಗೂ ಬಿಟ್ಟಿತು. ಕಷ್ಟವಾದದ್ದು ಮನುಷ್ಯರದು. ಮೇಲಿನ ಮಹಡಿಯವರ ನೆಂಟರು ಬಂದು ಎರಡು ಲೆಮನ್ ಸೋಡಾ ಕೇಳಿದರು. ಕೊರಿಯರ್‌ನವನು ದೀಪ, ಗಾಜು, ಒಳಗೆ ಕೆಂಪು ಹೂ ನೋಡಿ ಚಪ್ಪಲಿ ಬಿಟ್ಟು ಕೈಮುಗಿದ. ನಾನು ತಡೆಯಲಿಲ್ಲ, ಕೈಮುಗಿಯುವವರು ಬಾಗಿಲು ಎಳೆಯುವುದಿಲ್ಲ. ಕಾಲೇಜಿಗೆ ಹೋಗುವ ಮಗಳಿಗೆ ಮಾತ್ರ ಅವಮಾನ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮೂರು ಭಾಷೆಯಲ್ಲಿ.

"ಅಪ್ಪಾ, ಫ್ರೆಂಡ್ಸ್ ಬಂದ್ರೆ ಇದನ್ನ ಏನಂತ ಸೊಲ್ಲೋದು ಪಾ?"

"ಅಜ್ಜಿ ಅಂತ ಹೇಳು" ಅಂದಳು ನನ್ನ ಹೆಂಡತಿ, ನಗದೆ.

ಪ್ರತಿದಿನ ಬೆಳಿಗ್ಗೆ ಏಳೂವರೆಗೆ ಅತ್ತಿಗೆಯ ವಿಡಿಯೋ ಕಾಲ್. ಹೆಂಡತಿ ಫೋನನ್ನು ಗಾಜಿನ ಮುಂದೆ ಹಿಡಿಯುತ್ತಿದ್ದಳು, ಅತ್ತಿಗೆ ಎಲೆ ಎಣಿಸುತ್ತಿದ್ದರು.

ಮಾರ್ಚ್ ಬಂದಾಗ ನನಗೆ ವ್ಯಾಪಾರದ ಬುದ್ಧಿ ಎಚ್ಚರಾಯಿತು. ಇರುವ ಸರಕನ್ನೆಲ್ಲ ಒಂದೇ ಗೋಡೌನಿನಲ್ಲಿ ಇಡುವವನು ನೆಮ್ಮದಿಯಾಗಿ ಮಲಗಲಾರ. ಗಿಡದಿಂದ ಗಿಡ ಮಾಡಬೇಕು. ಇದು ಕಷ್ಟವಲ್ಲ, ಹೇಳುತ್ತೇನೆ ಕೇಳಿ. ಹೂ ಇಲ್ಲದ ಎಳೆ ರೆಂಬೆಯ ತುದಿ, ಬೆರಳುದ್ದ. ಎಲೆ ಹುಟ್ಟುವ ಗಂಟಿನ ಸ್ವಲ್ಪ ಕೆಳಗೆ ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ, ಮೇಲೆ ಎರಡು ಜೊತೆ ಸಾಕು. ಮರಳು ಅರ್ಧ, ತೆಂಗಿನ ನಾರಿನ ಪುಡಿ ಅರ್ಧ. ಗೊಬ್ಬರ ಬೇಡವೇ ಬೇಡ. ಮೇಲೆ ಪ್ಲಾಸ್ಟಿಕ್ ಕವರು, ಅದರಲ್ಲಿ ನಾಲ್ಕು ತೂತು. ತಂಪಿದ್ದರೆ ಮೂರು ವಾರಕ್ಕೆ ಬೇರು. ಕಾಗದದ ಟೀ ಕಪ್ಪುಗಳಲ್ಲಿ ಎಂಟು ತುಂಡು ಊರಿದೆ. ಮೂರು ಕೊಳೆತವು, ಐದು ನಿಂತವು.

ಒಂದನ್ನು ಎದುರು ಮನೆಯ ಮಾಮಿಗೆ ಕೊಡೋಣವೆಂದುಕೊಂಡೆ. ಮಾಮಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನ, ಕನ್ನಡದಲ್ಲಿ ಅರ್ಧ ತಮಿಳು. ಅವರ ಬಾಲ್ಕನಿಯಲ್ಲಿ ಬೆಳೆಯದ ಗಿಡವಿಲ್ಲ. ಕಪ್ಪು ಹಿಡಿದುಕೊಂಡು ಹೋದರೆ ಅವರು ಹಾವು ನೋಡಿದ ಹಾಗೆ ಹಿಂದೆ ಸರಿದರು.

"ಕೊಡಬೇಡಪ್ಪಾ. ಕೊಟ್ಟ ಚೆಡಿ ನಮ್ಮನೇಲಿ ಬರಲ್ಲ. ಕದ್ದದ್ದೇ ಬರೋದು."

"ಇಷ್ಟೂ ಗಿಡ ಕದ್ದದ್ದಾ ಮಾಮಿ?"

"ಎಲ್ಲಾ. ಆ ಕ್ರೋಟನ್ ನಮ್ಮ ಬ್ರಾಂಚ್ ಮ್ಯಾನೇಜರ್ ರೂಮಿಂದು. ಇದು ಕಲ್ಯಾಣಮಂಟಪದ್ದು, ನನ್ನ ತಮ್ಮನ ಮಗನ ಮದುವೇಲಿ. ಮುಹೂರ್ತದ ಹೊತ್ತಲ್ಲಿ ಎಲ್ಲಾರೂ ಆ ಕಡೆ ನೋಡ್ತಿದ್ರಲ್ಲಾ."

ಬೇರೆಯವರಾಗಿದ್ದರೆ ನಕ್ಕು ಬರುತ್ತಿದ್ದರು. ನಾನು ಎದುರಿನವರ ಷರತ್ತು ಕೇಳದೆ ಬರುವವನಲ್ಲ. "ಸರಿ, ಎರಡು ಕಪ್ ಕಿಟಕಿ ಮೇಲೆ ಇಡ್ತೀನಿ, ನೀವು ಒಂದು ಕದೀರಿ" ಅಂದೆ.

"ಇಟ್ಟದ್ದನ್ನ ಎತ್ಕೊಂಡ್ರೆ ಕಳ್ಳತನವಾ? ಅದು ಪಾರ್ಸೆಲ್."

"ಮತ್ತೆ ಹೇಗೆ?"

"ನಿನಗೆ ಗೊತ್ತಾಗಬಾರದು. ಅಪ್ಪುರಂ, ಕದ್ದ ಮೇಲೆ, ಗೊತ್ತಾಗಬೇಕು. ಗೊತ್ತಾದ ಮೇಲೆ ನೀನು ಬೈಬೇಕು, ಸುಮ್ಮಾ ಬಾಯಲ್ಲಲ್ಲ, ಹೊಟ್ಟೆಯಿಂದ. ಬೈದಷ್ಟೂ ಬೇರು ಇಳಿಯತ್ತೆ. ಆಮೇಲೆ ನನ್ನ ಹತ್ರ ಆ ವಿಷಯ ಎತ್ತಬಾರದು. ಎತ್ತಿದ್ರೆ, ನಾನು ಹೌದು ಅಂದ್ರೆ, ಅದು ಕೊಟ್ಟ ಹಾಗೆ ಆಗಿಬಿಡತ್ತೆ. ಚೆಡಿ ಹೋಗತ್ತೆ."

ಒಪ್ಪಿಕೊಂಡೆ. ಬೇಕೆಂದೇ ಮೂರು ದಿನ ಫ್ರಿಜ್ಜಿಗೆ ಬೆನ್ನು ಹಾಕಿ ಪೇಪರ್ ಓದಿದೆ. ಜೀವನದಲ್ಲಿ ಒಬ್ಬನೂ ನನಗೆ ಒಂದು ಸ್ಕ್ರೂ ಮೋಸ ಮಾಡಿದ್ದಿಲ್ಲ; ಅಂಥವನು ಯಾವಾಗ ಕಳವಾಗುತ್ತದೋ ಎಂದು ಬೆನ್ನಲ್ಲೇ ಕಿವಿ ಇಟ್ಟುಕೊಂಡು ಕೂತಿದ್ದೆ. ನಾಲ್ಕನೆಯ ದಿನ, ನಾನು ಸ್ನಾನಕ್ಕೆ ಹೋದಾಗ ಕೆಲಸ ಆಗಿತ್ತು. ಐದು ಕಪ್ಪೂ ಹಾಗೇ ಇದ್ದವು. ಮಾಮಿ ಮುಟ್ಟಿದ್ದು ತಾಯಿಗಿಡವನ್ನು. ನಾನು ಕಣ್ಣಿನಲ್ಲೇ ಕಾಪಾಡಿಕೊಂಡು ಬಂದಿದ್ದ, ಎಲ್ಲಕ್ಕಿಂತ ದಪ್ಪನೆಯ ಪಕ್ಕದ ರೆಂಬೆಯನ್ನು ಅಡುಗೆಮನೆ ಕತ್ತರಿಯಲ್ಲಿ ಬುಡಕ್ಕೇ ಕತ್ತರಿಸಿಕೊಂಡು ಹೋಗಿದ್ದರು.

ಬೈಗುಳಕ್ಕೆ ನಾನು ತಯಾರಿ ಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ, ಹೊಟ್ಟೆಯಿಂದಲೇ ಬಂತು. ಟವೆಲ್ ಸುತ್ತಿಕೊಂಡು ವರಾಂಡದಲ್ಲಿ ನಿಂತು ಚಿಕ್ಕಬಳ್ಳಾಪುರದ ಎಲ್ಲ ಮಾತುಗಳನ್ನೂ ಬಳಸಿದೆ. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಸಂಜೆ ಮಾಮಿ ತರಕಾರಿ ಚೀಲ ಹಿಡಿದು ಎದುರಾದರು.

"ಬೆಳಿಗ್ಗೆ ಯಾರನ್ನೋ ಬೈತಿದ್ದ ಹಾಗಿತ್ತಲ್ಲಪ್ಪಾ. ಚೆನ್ನಾಗಿತ್ತು."

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಉಳಿದ ಐದು ಕಪ್ಪುಗಳನ್ನು ಬೇರೆ ಬೇರೆ ಕಡೆ ಇಡಬೇಕಿತ್ತು. ಇನ್ನೊಂದು ಫ್ರಿಜ್ ಓಡಿಸಲು ಕರೆಂಟು ದಂಡವೆಂದು ಐದನ್ನೂ ತಾಯಿಗಿಡದ ಪಕ್ಕದಲ್ಲೇ ಜೋಡಿಸಿಟ್ಟೆ. ಬೇರೆಯವರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ನಾನೇ ಮರೆತೆ.

ಮೇ ತಿಂಗಳು, ಈ ಊರಿನವರು ಕತ್ತಿರಿ ಎನ್ನುವ ಸುಡುಬಿಸಿಲಿನ ದಿನಗಳು. ಪೆರುಂಗುಡಿಯ ಒಂದು ಆಫೀಸಿನ ಏಸಿ ಬಿಚ್ಚಿಸಲು ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಆಗ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟು ಹೋಯಿತು. ಗಾಜಿನ ಪೆಟ್ಟಿಗೆ ಇಡ್ಲಿ ಪಾತ್ರೆಯಾಯಿತು. ಗಿಡ ತಲೆ ಜೋಲಿಸಿತು. ಜೋಲಿದ ಗಿಡ ನೋಡಿದರೆ ನಮ್ಮ ಜನಕ್ಕೆ ತಿಳಿಯುವುದು ಒಂದೇ ಮದ್ದು. ಹೆಂಡತಿ ಒಂದು ಚೊಂಬು ನೀರು ಹಾಕಿದಳು. ಅವಳು ಹಾಕಿದ್ದು ಗೊತ್ತಿಲ್ಲದೆ ಮಗಳು ಒಂದು ಬಾಟಲಿ ಹಾಕಿದಳು. ಹಾಲಿನವನು ಕೂಡ, ಪಾಪ, ಒಳ್ಳೆಯ ಮನಸ್ಸಿನಿಂದ ಏಸಿಯಿಂದ ತೊಟ್ಟಿಕ್ಕಿದ ನೀರಿನ ಬಕೆಟ್ಟು ಎತ್ತಿ ಸುರಿದ. ನಾನು ಬಂದಾಗ ಕುಂಡದ ಮಣ್ಣು ರಾಗಿ ಅಂಬಲಿಯ ಹಾಗಿತ್ತು. ಮೂವರೂ ತಾನೇ ಕಾಪಾಡಿದ್ದೆಂದು ಸಾಲಾಗಿ ನಿಂತಿದ್ದರು.

ದಯವಿಟ್ಟು ಇದೊಂದು ನೆನಪಿಡಿ. ಫ್ಯೂಶಿಯಾ ಜೋಲುವುದು ಬಾಯಾರಿಕೆಗೆ ಮಾತ್ರವಲ್ಲ, ಸೆಕೆಗೂ ಜೋಲುತ್ತದೆ. ಮೊದಲು ಮಣ್ಣಿಗೆ ಬೆರಳು ಚುಚ್ಚಿ. ಒದ್ದೆಯಿದ್ದರೆ ನೀರು ಮುಟ್ಟಬೇಡಿ, ನೆರಳಿಗೆ ಸರಿಸಿ, ಗಾಳಿ ಬೀಸಿ. ಈ ಮಾತನ್ನು ಮನೆಯವರಿಗೆ ನಾನು ಹೇಳಿರಲಿಲ್ಲ. ಊರಿಗೆಲ್ಲ ಸಲಹೆ ಕೊಡುತ್ತಿದ್ದವನಿಗೆ ಮನೆಯೊಳಗೆ ಹೇಳಲು ಹೊತ್ತಿರಲಿಲ್ಲ.

ಐದು ದಿನದಲ್ಲಿ ಬೇರು ಕೊಳೆತು ಗಿಡ ಹೋಯಿತು. ಐದು ಕಪ್ಪುಗಳೂ ಹೋದವು. ಗೃಹಪ್ರವೇಶಕ್ಕೆ ಉಳಿದದ್ದು ಹದಿಮೂರು ದಿನ. ಹೆಂಡತಿ ಒಣಗಿದ ಕಡ್ಡಿಯನ್ನು ಫ್ರಿಜ್ಜಿನಿಂದ ತೆಗೆಯಲು ಬಿಡಲಿಲ್ಲ. "ಅಕ್ಕ ಇನ್ನು ಹಾಲು ಉಕ್ಕಿಸಲ್ಲ ರೀ. ಅವಳು ಹೇಳಿದ ಮೇಲೆ ಮುಗೀತು. ಸಾಯೋವರೆಗೂ ಆ ಬಾಡಿಗೆ ಕೋಣೇಲೇ ಇರ್ತಾಳೆ" ಅಂದಳು. ಅದು ಅತಿಶಯೋಕ್ತಿ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅತ್ತಿಗೆಯನ್ನು ನಾನೂ ಬಲ್ಲೆ.

ಆ ಐದು ದಿನ ನೆಟ್‌ವರ್ಕ್ ಸರಿಯಿಲ್ಲವೆಂದು ವಿಡಿಯೋ ತಪ್ಪಿಸಿದ್ದೆವು; ಇನ್ನು ಮುಂದಿನ ಏಳೂವರೆಯ ಕಾಲ್‌ಗೆ ಮಗಳು ಉಪಾಯ ಹೇಳಿದಳು. ಹಿಂದಿನ ವಾರ ಅವಳು ತೆಗೆದಿದ್ದ ಒಂದು ವಿಡಿಯೋ ಇತ್ತು. ಅದನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ ಅದರ ಮುಂದೆ ಫೋನ್ ಹಿಡಿದೆವು. ಮೊದಲ ದಿನ ದಾಟಿತು. ಎರಡನೆಯ ದಿನ ಅತ್ತಿಗೆ ಮುಖವನ್ನು ಫೋನಿಗೆ ಹತ್ತಿರ ತಂದರು.

"ನಿನ್ನೆ ಒಂದು ಇರುವೆ ಆ ಎಲೆ ಹತ್ತುತ್ತಿತ್ತು" ಅಂದರು. "ಇವತ್ತೂ ಅದೇ ಎಲೆ ಹತ್ತುತ್ತಿದೆ."

"ಅದಕ್ಕೆ ಅದೇ ದಾರಿ ಅತ್ತಿಗೆ" ಅಂದೆ ನಾನು.

ಫೋನ್ ಇಟ್ಟ ಕೂಡಲೇ ನೇರ ಮಾಮಿಯ ಮನೆಗೆ ಹೋದೆ. ಕದ್ದ ರೆಂಬೆ ಬದುಕಿರಬಹುದು, ಅದೊಂದೇ ದಾರಿ. ಬಾಲ್ಕನಿಯಲ್ಲಿ ಕಣ್ಣಾಡಿಸಿದೆ, ಕಾಣಲಿಲ್ಲ.

"ಮಾಮಿ, ಆ ಜುಮಕಿ ಗಿಡ..."

"ಯಾವ ಗಿಡಪ್ಪಾ?" ಮಾಮಿಯ ಮುಖದಲ್ಲಿ ಗಾಬರಿ. ನಾನು ವಿಷಯ ಎತ್ತಿಬಿಟ್ಟಿದ್ದೆ.

ಅತ್ತಿಗೆ, ಹಾಲು, ಉಳಿದ ಹನ್ನೊಂದು ದಿನ, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕಣ್ಣು ಒದ್ದೆಯಾಯಿತು. ಆದರೂ "ಅಯ್ಯೋ, ಪಾವಂ. ಆದರೆ ನನ್ನ ಹತ್ರ ಎಲ್ಲಿದೆ?" ಅಂದರು. ಅವರ ಏಸಿಯನ್ನು ಇರುವಷ್ಟು ಕಾಲ ಪುಕ್ಕಟೆ ಸರ್ವಿಸ್ ಮಾಡುತ್ತೇನೆಂದೆ. ಹೊಸ ಸ್ಟೆಬಿಲೈಸರ್ ಅಂದೆ. ಡಬಲ್ ಡೋರ್ ಫ್ರಿಜ್ಜಿನವರೆಗೆ ಏರಿದೆ. ವ್ಯಾಪಾರದಲ್ಲಿ ಇಲ್ಲದ ವಸ್ತುವಿಗೆ ಬೆಲೆ ಏರಿಸುತ್ತ ಹೋದದ್ದು ನಾನು ಅದೊಂದೇ ಸಲ. ಮಾಮಿ ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದರು. ನಾನು ಹೊರಡುವಾಗ, ಗೋಡೆಗೆ ಹೇಳುವ ಹಾಗೆ ಅಂದರು:

"ನಾಳೆ ಸಾಯಂಕಾಲ ನಾಲ್ಕಕ್ಕೆ ನಾನು ಕೋವಿಲಿಗೆ, ಪೂಜೆಗೆ, ಹೋಗ್ತೀನಿ. ಈ ಬಾಗಿಲ ಲಾಕ್ ಕೊಂಜ ಲೂಸು. ಜೋರಾಗಿ ತಳ್ಳಿದ್ರೆ ತೆಗೆದುಬಿಡತ್ತೆ. ಕಾಲ ಕೆಟ್ಟಿದೆ, ಕಳ್ಳರು ಹೆಚ್ಚು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಾನು ಯಾರದ್ದೂ ಕದ್ದವನಲ್ಲ, ಕೇಳಿ ಪಡೆದು ಅಭ್ಯಾಸ, ಇದು ನನ್ನಿಂದಾಗದು ಅಂದೆ. "ಇಷ್ಟು ವರ್ಷ ಆಫೀಸಿನವರ ಹತ್ರ ಏಸಿ ಕೊಂಡಿದ್ದು ನೋಡಿದೀನಿ. ಆಗತ್ತೆ ನಿಮ್ಮಿಂದ" ಅಂದಳು.

ಮರುದಿನ ನಾಲ್ಕೂ ಹತ್ತಕ್ಕೆ, ಐಸ್ ತುಂಬಿದ ಡಬ್ಬ, ಒದ್ದೆ ಬಟ್ಟೆ, ಹೊಸ ಬ್ಲೇಡು ಹಿಡಿದು ಎದುರು ಮನೆಗೆ ನುಗ್ಗಿದೆ. ಬಾಗಿಲು ಲೂಸಿರಲಿಲ್ಲ, ತೆರೆದೇ ಇತ್ತು. ಮಲಗುವ ಕೋಣೆಯಲ್ಲಿ ಏಸಿ ಓಡುತ್ತಿತ್ತು. ಅದು ನಾನೇ ಮಾರಿದ್ದು. ಮಾಮಿ ಅದನ್ನು ಮೊಮ್ಮಕ್ಕಳು ಬಂದಾಗ ಮಾತ್ರ ಹಾಕುತ್ತಾರೆ, ತಮಗೆ ಫ್ಯಾನೇ ಸಾಕು ಎನ್ನುತ್ತಾರೆ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಗಿಡ. ಮಂಡಿಯೆತ್ತರ ಬೆಳೆದು, ಹದಿನಾಲ್ಕು ಜುಮಕಿ ತೂಗುತ್ತಿತ್ತು. ಮಂಚವನ್ನು ಗೋಡೆಗೆ ಸರಿಸಿ ಗಿಡಕ್ಕೆ ಬೆಳಕಿನ ಜಾಗ ಬಿಟ್ಟಿದ್ದರು.

ಪೂರ್ತಿ ಎತ್ತಿಕೊಂಡು ಹೋಗೋಣವೆಂದೇ ಬಂದಿದ್ದೆ. ಎರಡು ಕೈಯಲ್ಲಿ ಕುಂಡ ಹಿಡಿದೆ ಕೂಡ. ಆಮೇಲೆ ಕೆಳಗಿಟ್ಟೆ. ಮಾಮಿಗೂ ಇರುವುದು ಅದೊಂದೇ. ಹೂವಿಲ್ಲದ ತುದಿಗಳನ್ನು ಹುಡುಕಿ, ಗಂಟಿನ ಕೆಳಗೆ ಆರು ತುಂಡು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ, ಐಸು ತಾಗದ ಹಾಗೆ ಡಬ್ಬದಲ್ಲಿಟ್ಟೆ. ಮೊದಲ ಕಳ್ಳತನವಾದರೂ ಕತ್ತರಿಸಿದ್ದು ನೇರವಾಗಿತ್ತು ಎಂದು ಹೇಳಿಕೊಳ್ಳಬಲ್ಲೆ.

ಐದು ಗಂಟೆಗೆ ಮಾಮಿ ವಾಪಸ್ಸು ಬಂದರು. ಐದೂ ಐದಕ್ಕೆ ಕಾರಿಡಾರಿನಲ್ಲಿ ಶುರುವಾಯಿತು. ಆಚಾರವಂತ ಮನೆತನದ ಆ ಹೆಂಗಸಿಗೆ ಅಷ್ಟು ತಮಿಳು ಬೈಗುಳ ಎಲ್ಲಿಂದ ಬಂತೋ ತಿಳಿಯದು. ಕಳ್ಳನ ಕೈ, ಕಣ್ಣು, ಅವನ ವ್ಯಾಪಾರ, ಅವನು ಹುಟ್ಟಿದ ಊರು, ಒಂದನ್ನೂ ಬಿಡಲಿಲ್ಲ. ಮೂರು ಮಹಡಿಯವರೂ ಮೆಟ್ಟಿಲಿಗೆ ಬಂದು ನಿಂತರು. ನಮ್ಮ ಬಾಗಿಲ ಹಿಂದೆ ಹೆಂಡತಿ ಐಸ್ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕಿವಿಗೊಟ್ಟು ಕೂತಿದ್ದಳು. ಮಾಮಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ "ಇಷ್ಟು ಸಾಕಾ ರೀ? ಆರು ತುಂಡಿದೆ" ಅಂದಳು. ಅಷ್ಟರಲ್ಲಿ ಎರಡನೆಯ ಸುತ್ತು ಶುರುವಾಯಿತು.

ಆ ದಿನವೇ ರೈಲು ಹತ್ತಿದೆ. ಮೇಟುಪಾಳ್ಯಂನಿಂದ ಬಸ್ಸು. ಕುನ್ನೂರಿನ ಹೊಸ ಮನೆಯ ಅಂಗಳದಲ್ಲಿ ಅತ್ತಿಗೆ ಡಬ್ಬ ತೆರೆದು ನೋಡಿದರು. ನಾನು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದೆ: ಟ್ರಾನ್ಸ್‌ಫಾರ್ಮರ್, ಮೂರು ನೀರು, ಲ್ಯಾಪ್‌ಟಾಪು, ಇರುವೆ.

"ಇದು ಗಿಡವಲ್ಲ, ಕಡ್ಡಿ" ಅಂದರು.

"ಬೇರು ಬಿಟ್ಟರೆ ಗಿಡವೇ ಅತ್ತಿಗೆ. ಅದೇ ಗಿಡ. ಬೇರೆ ಅಲ್ಲ."

"ಸರಿ. ಹಾಗಾದರೆ ಬಿಡೋವರೆಗೆ ನೀವೂ ಇಲ್ಲೇ ಇರಿ."

ನಾನು ಅದನ್ನು ಮಾತಿಗೆ ಹೇಳಿದ್ದೆಂದುಕೊಂಡೆ. ಸಂಜೆಯ ಬಸ್ಸಿನ ಹೊತ್ತಿಗೆ ನನ್ನ ಬ್ಯಾಗು ಅವರ ಬಾಡಿಗೆ ಕೋಣೆಯ ಬೀರುವಿನೊಳಗಿತ್ತು, ಬೀಗದ ಕೈ ಅವರ ಸೊಂಟದಲ್ಲಿತ್ತು. ಏಸಿ ಮಾರುವವನಿಗೆ ಮೇ ತಿಂಗಳು ಎಂದರೆ ಏನೆಂದು ಹೇಳಬೇಕಿಲ್ಲ. ಇಡೀ ಚೆನ್ನೈ ಬೆವರುತ್ತಿತ್ತು, ಗೋಡೌನಿಗೆ ಬೀಗ ಬಿದ್ದಿತ್ತು, ನಾನು ಮಾವನ ಹಳೇ ಸ್ವೆಟರ್ ಹಾಕಿಕೊಂಡು ಆರು ಟೀ ಕಪ್ಪುಗಳ ಮುಂದೆ ಕೂತು ಗಿರಾಕಿಗಳಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಮುಹೂರ್ತದ ದಿನ ಬಂತು, ಹೋಯಿತು. ಪುರೋಹಿತರು ಫೋನ್ ಮಾಡಿದಾಗ ಅತ್ತಿಗೆ "ಇನ್ನೂ ಬೇರು ಬಂದಿಲ್ಲ, ಬೇರೆ ದಿನ ನೋಡಿ" ಅಂದರು. ಅವರು ಏನು ಅರ್ಥ ಮಾಡಿಕೊಂಡರೋ, ಯಾರಿಗೋ ಹಲ್ಲಿನ ನೋವಿರಬೇಕೆಂದುಕೊಂಡು ಸಮಾಧಾನ ಹೇಳಿದರು.

ಎರಡು ಕಪ್ಪಿನ ಕಡ್ಡಿಗಳು ಕರಿದಾಗಿ ಕುಸಿದವು. ಆ ದಿನ ಅತ್ತಿಗೆ ನನ್ನ ಅನ್ನಕ್ಕೆ ತುಪ್ಪ ಹಾಕಲಿಲ್ಲ. ಮೂರನೆಯದು ಎಲೆ ಉದುರಿಸಿತು. ನಾನು ಹೆಂಡತಿಗೆ ಫೋನ್ ಮಾಡಿ, ಮಾಮಿಗೆ ಇನ್ನೂ ಒಂದು ಸಲ ಬೈಯಲು ಹೇಳಲಾಗುವುದೇ ಎಂದು ಕೇಳಿದೆ. ಹೇಳಿದರೆ ಅದು ಲೆಕ್ಕಕ್ಕಿಲ್ಲ ಎಂದು ಅವಳೇ ನೆನಪಿಸಿದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕವರು ತೆಗೆದಾಗ ನಾಲ್ಕನೆಯ ಕಪ್ಪಿನ ತುದಿಯಲ್ಲಿ ಎರಡು ಹೊಸ ಎಲೆ, ಅಕ್ಕಿಕಾಳಿನಷ್ಟು. ಐದು, ಆರರಲ್ಲಿಯೂ ಹಾಗೇ. ಹೊಸ ಎಲೆ ನಂಬಬೇಡಿ, ಒಳಗಿನ ಶಕ್ತಿಯಲ್ಲೇ ಎರಡೆಲೆ ಬಿಟ್ಟು ಸಾಯುವ ಕಡ್ಡಿಗಳಿವೆ. ಮೆಲ್ಲಗೆ ಎಳೆದು ನೋಡಬೇಕು ಎಂದು ನಾನೇ ಅತ್ತಿಗೆಗೆ ಹೇಳಿಕೊಟ್ಟಿದ್ದೆ. ಅವರು ಕನ್ನಡಕ ಏರಿಸಿಕೊಂಡು ಮಂಡಿಯೂರಿ ಕೂತರು. ಎರಡು ಬೆರಳಲ್ಲಿ ಕಡ್ಡಿ ಹಿಡಿದು ಎಳೆದರು. ಕಡ್ಡಿ ಬರಲಿಲ್ಲ. ಕಪ್ಪೇ ಮೇಲೆದ್ದಿತು.

"ಹಿಡಿದುಕೊಂಡಿದೆ" ಅಂದರು. ಧ್ವನಿ ಟೀಚರದ್ದಾಗಿರಲಿಲ್ಲ.

ನಾನೂ ಒಮ್ಮೆ ಎಳೆದು ಖಾತ್ರಿ ಮಾಡಿಕೊಳ್ಳೋಣವೆಂದು ಕೈ ಚಾಚಿದೆ. ಕೈಮೇಲೆ ಒಂದು ಏಟು ಬಿತ್ತು.